ನಜಾರಿಯೋ ಉಕಾನ್ ಬರೆಯದ ನಡೆ

ಮೆರಿಡಾದ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದ ನಜಾರಿಯೋ ಉಕಾನ್‌ಗೆ ಚದುರಂಗದ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಸಿಗಲು ಬೇಕಿದ್ದದ್ದು ಇನ್ನೊಂದೇ ಒಂದು ಗೆಲುವು. ವಯಸ್ಸು ಐವತ್ತೊಂದು. ಬಸ್ಸಿನಲ್ಲೇ ನಿದ್ದೆ ಮಾಡಿ, ಪಂದ್ಯಗಳಿಗಾಗಿ ಊರೂರು ಅಲೆದು, ಇಪ್ಪತ್ತೆರಡು ವರ್ಷ ಏಗಿ ಇಲ್ಲಿಗೆ ಬಂದಿದ್ದ. ಆ ಬಸ್ಸಿನ ಖರ್ಚಿಗೆಲ್ಲ ಹೆಂಡತಿ ದೆಲ್ಫೀನಾ ಊರ ಹೆಂಗಸರ ಅಂಗಿಗಳಿಗೆ ಕಸೂತಿ ಹಾಕಿದ್ದಳು. ಅವಳ ಕಣ್ಣು ಈಗೀಗ ಮಂಜಾಗುತ್ತಿತ್ತು. ಪಟ್ಟ ಬಂದರೆ ನಗರದ ಚದುರಂಗ ಶಾಲೆಯಲ್ಲಿ ಗುರುವಿನ ಕೆಲಸ ಖಂಡಿತ, ನೀನು ಸೂಜಿ ಮುಟ್ಟಬೇಕಾಗಿಲ್ಲ ಅಂತ ಅವನು ಮಾತು ಕೊಟ್ಟಿದ್ದ.

ಅದೃಷ್ಟ ನೋಡಿ, ಕೊನೆಯ ಆಟ ಅವನ ಊರಲ್ಲೇ ಬಿತ್ತು. ಎದುರಿಗೆ ಅರ್ಜೆಂಟೀನಾದ ಬ್ರುಜ್ಜೋನೆ. ಇಬ್ಬರಿಗೂ ಎರಡೆರಡು ಗಂಟೆ; ಅಷ್ಟರೊಳಗೆ ನಲವತ್ತು ನಡೆ ಮುಗಿಸಬೇಕು, ಇಲ್ಲದಿದ್ದರೆ ಸೋಲು. ಬ್ರುಜ್ಜೋನೆಯ ರಾಜ ಆಗಲೇ ಉಸಿರುಗಟ್ಟಿದ್ದ. ನಜಾರಿಯೋ ಗಡಿಬಿಡಿಯಲ್ಲಿ ಆಡುತ್ತ ಹೋದ, ನಡೆಗೊಂದು ಸಾಲಿನಂತೆ ಬರೆದುಕೊಳ್ಳುವ ಹಾಳೆಯ ನಲವತ್ತನೆಯ ಸಾಲು ತುಂಬಿದ್ದು ಕಂಡು ಉಸಿರು ಬಿಟ್ಟು, ನೀರು ಕುಡಿಯಲು ಎದ್ದ. ನಿಧಾನವಾಗಿ ತಿರುಗಿ ಬರುವಷ್ಟರಲ್ಲಿ ಬ್ರುಜ್ಜೋನೆ ತನ್ನ ನಡೆ ಆಡಿಯಾಗಿತ್ತು, ನಜಾರಿಯೋನ ಸಮಯ ಮುಗಿದು ಅವನ ಗಡಿಯಾರದ ಕೆಂಪು ಬಾವುಟ ಬಿದ್ದಿತ್ತು.

ತೀರ್ಪುಗಾರ ಎಲಿಹಿಯೋ, ನಜಾರಿಯೋನ ಬಾಲ್ಯದ ಗೆಳೆಯ, ಬೆರಳಿಟ್ಟು ಎಣಿಸಿದ. ಮೂವತ್ತೊಂಬತ್ತು. ಹಾಳೆಯ ಮೊದಲ ಸಾಲು ಖಾಲಿಯಿತ್ತು.

ನಜಾರಿಯೋ ಎಂಬ ಈ ಪುಣ್ಯಾತ್ಮನ ಹುಚ್ಚು ಹೇಳಲೇಬೇಕು. ಸತ್ತವರ ಹಬ್ಬದಲ್ಲಿ ಹಿರಿಯರಿಗೆ ಎಡೆ ಇಡದೆ ಆ ಊರಲ್ಲಿ ಯಾರೂ ತುತ್ತೆತ್ತುವುದಿಲ್ಲ. ಇವನು ಅದನ್ನು ಆಟಕ್ಕೂ ತಂದಿದ್ದ. ಕಾಫಿ ಅಂಗಡಿಯ ಬಾಗಿಲಲ್ಲಿ ರೊಟ್ಟಿ ಮಾರುತ್ತ, ಗಂಡಸರ ಆಟ ಇಣುಕಿ ಕಲಿತು, ಮಗನಿಗೂ ಕಲಿಸಿದವಳು ತಾಯಿ ಕಾಂದಿದಾ. ಅವಳು ಹೋದಂದಿನಿಂದ ಪ್ರತಿ ಹಾಳೆಯ ಮೊದಲ ಸಾಲು ಅವಳಿಗೆ. ಇವನು ಬರೆಯುವುದು ಎರಡನೆಯದರಿಂದ. ನಲವತ್ತು ನಡೆಯೆಂದರೆ ನಲವತ್ತೊಂದನೆಯ ಸಾಲು ಎನ್ನುವುದನ್ನು ಒಮ್ಮೆಯೂ ಮರೆತವನಲ್ಲ, ಅವತ್ತು ಮರೆತ.

ಬ್ರುಜ್ಜೋನೆ ಒಳ್ಳೆಯವನು. ಹೀಗೆ ಗೆಲ್ಲುವುದಕ್ಕೆ ಅವನಿಗೇ ನಾಚಿಕೆಯಾಯಿತು. ನನ್ನ ಹಾಳೆಯಲ್ಲೂ ಒಂದು ನಡೆ ಬಿಟ್ಟುಹೋಗಿರಬಹುದು, ನಲವತ್ತಾಯಿತು ಅಂದರೆ ತಕರಾರಿಲ್ಲ ಎಂದ. ಎಲಿಹಿಯೋ ಪೆನ್ನು ಮುಂದೆ ಹಿಡಿದ.

"ಸಿಪಾಯಿ ಒಂದೇ ಸಲಕ್ಕೆ ಎರಡು ಮನೆ ಹೋಗ್ಲಿಲ್ಲ, ಒಂದೊಂದೇ ಮನೆ ಹೋಯ್ತು ಅಂತ ಬರಿ, ಒಂದು ನಡೆ ಎರಡಾಗುತ್ತೆ. ಖಾಲಿ ಸಾಲು ತಾನೇ ಮಾರಾಯ, ತುಂಬಿಸಿಬಿಡು."

ನಜಾರಿಯೋ ಪೆನ್ನು ತಗೊಂಡ. ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು. ಪೆನ್ನಿನ ತುದಿ ಹಾಳೆಗೆ ತಾಗಿಯೂ ತಾಗಿತು.

"ಖಾಲಿಯಿಲ್ಲ ಕಣೋ," ಅಂದ. "ಅಮ್ಮ ಕೂತಿದಾಳೆ."

ಹಾಳೆಯ ಕೆಳಗೆ ಸೋತೆನೆಂದು ಸಹಿ ಹಾಕಿದ. ಆಮೇಲೆ ಒಂಬತ್ತು ವರ್ಷ ಆಡಿದರೂ ಪಟ್ಟದ ಹತ್ತಿರಕ್ಕೆ ಮತ್ತೆಂದೂ ಬರಲಿಲ್ಲ.

ಅವತ್ತು ಸಂಜೆ ಮನೆಗೆ ಬಂದು ದೆಲ್ಫೀನಾಳ ಮುಂದೆ ಎಲ್ಲವನ್ನೂ ಹೇಳಿ ಮಗುವಿನಂತೆ ಅತ್ತ. ಅತ್ತೆಯ ಹೆಸರು ಬಂದಾಗ ಅವಳು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಬೈಯಲಿಲ್ಲ. ತಟ್ಟೆ ಇಟ್ಟು, ಬಡಿಸಿ, ಕಸೂತಿಯ ಬಟ್ಟೆಯನ್ನು ಕಣ್ಣಿನ ತೀರ ಹತ್ತಿರ ಹಿಡಿದು ಕೂತಳು.

"ಇಪ್ಪತ್ತೆರಡು ವರ್ಷ ನಾನೂ ಕಾದೆ," ಅಂದಳು. "ನನಗೆ ಯಾವ ಸಾಲು ಇಟ್ಟಿದ್ರಿ?"