ಅಕ್ಕ ಬರೆಯದೇ ಬಿಟ್ಟ ಉತ್ತರ

ಮರಾಠಿ ಸೀಮಿಗೆ ಸೇರಿದ ನಮ್ಮ ಜತ್ತದಾಗ ಆಗ ಕನ್ನಡ ಸಾಹಿತ್ಯ ತೊಗೊಂಡು ಬಿ.ಎ. ಓದಾವ್ರು ನನಗ ಗೊತ್ತಿದ್ದಂಗ ಇಬ್ಬರ. ಒಬ್ಬಾಂವ ನಾನು, ಇನ್ನೊಬ್ಬಾಕಿ ನಮ್ಮಕ್ಕ. ನಾನು ವಿಜಾಪುರದ ಕಾಲೇಜಿನಾಗ ಮಾಸ್ತರ ಮುಂದ ಕುಂತು ಓದಿದೆ. ಅಕಿ ನಮ್ಮ ಅಡಿಗಿಮನಿ ಬಾಜೂಕಿನ ಖೋಲ್ಯಾಗ, ಜ್ವಾಳದ ಚೀಲಕ್ಕ ಬೆನ್ನು ಹಚ್ಚಿ ಓದಿದ್ಲು. ಇಬ್ಬರೊಳಗ ಶಾಣ್ಯಾ ಯಾರು ಅಂತ ಕೇಳಿದ್ರ ನಮ್ಮವ್ವ ಸೈತ ಅಕಿ ಕಡೆನ ಬಟ್ಟು ಮಾಡತಿದ್ಲು.

ಅಕ್ಕನ್ನ ಅಸಂಗಿಗೆ ಕೊಟ್ಟಿದ್ವಿ. ಮದುವ್ಯಾಗಿ ಎರಡು ವರ್ಷ ತುಂಬೂದ್ರಾಗ ಗಂಡ ತೀರ್ಕೊಂಡ. ತವರಿಗೆ ಬಂದಾಕಿ ಅಳೂದು ಬಿಟ್ಟು ಪುಸ್ತಕ ಹಿಡದ್ಲು. ಹೆಣ್ಣಮಕ್ಕಳು ಮನ್ಯಾಗ ಓದಿ ಪರೀಕ್ಷಾಕ್ಕ ಕುಂದ್ರಾಕ ಪರವಾನಗಿ ಇತ್ತು. ಹಂಗ ಇಂಟರ್ ಪಾಸ ಮಾಡಿದ್ಲು. ಅಷ್ಟರಾಗ ಅಸಂಗ್ಯಾಗ ಅಕಿ ಗಂಡನ ಅಣ್ಣನ ಹೆಂಡತಿ ಹಾಸಿಗಿ ಹಿಡದ್ಲು. ಸಣ್ಣ ಸಣ್ಣ ಮಕ್ಕಳು, ಒಲಿ ಮುಂದ ಕುಂದ್ರಾವ್ರಿಲ್ಲ. ನಮ್ಮ ಮನೀ ಸೊಸಿನ್ನ ನಮಗ ಕಳಸ್ರಿ ಅಂತ ಆ ಭಾವ ಸಂತಿಗೆ ಬಂದಾಗೊಮ್ಮೆ ನಮ್ಮ ಅರವಿ ಅಂಗಡಿ ಕಟ್ಟಿ ಮ್ಯಾಲೆ ಕುಂತು ಹೇಳಿ ಹೋಗಾಂವ.

ನಮ್ಮಪ್ಪ ಕೆಟ್ಟಾಂವ ಅಲ್ಲ, ಆದ್ರ ನಾಕು ಮಂದಿಗೆ ಭಾಳ ಅಂಜಾಂವ. ಕಡೀಕ ಒಂದು ಶರತ್ತು ಹಾಕಿದ. ಬಿ.ಎ. ಪರೀಕ್ಷಾಕ್ಕ ಒಂದ ಸಲ ಕುಂದ್ರು, ಪಾಸಾದ್ರ ಹೈಸ್ಕೂಲಿನಾಗ ಕಲಸಾಕ ಹೋಗು, ಯಾರು ಏನಂತಾರ ನಾ ನೋಡ್ಕೋತೀನಿ, ನಪಾಸಾದ್ರ ಅಸಂಗಿ ಗಾಡಿ ಹತ್ತು ಅಂದ. ಅಕ್ಕ ಹೂಂ ಅಂತ ತಲಿ ಅಲ್ಲಾಡಿಸಿದ್ಲು. ಇನ್ನೊಂದು ಸಲಕ್ಕ ಅವಕಾಶ ಕೊಡ್ರಿ ಅಂತ ನಾ ಬಾಯಿ ತಗದ್ರ, ನನ್ನ ಕೈ ಚಿವುಟಿ ಸುಮ್ಮನಿರಿಸಿದ್ಲು.

ಓದಾಕ ಏನಿತ್ತು? ಮರಾಠಿ ತೊಗೊಂಡಾವ್ರಿಗೆ ಸಾಂಗಲಿ ಅಂಗಡ್ಯಾಗ ಗೈಡುಗಳು ಹೇರಿ ಇಟ್ಟಿರ್ತಿದ್ರು. ನಮ್ಮ ಕನ್ನಡಕ್ಕ ಗೈಡೂ ಇಲ್ಲ, ಗೀಡೂ ಇಲ್ಲ. ಕಾಲೇಜಿನ ಲೈಬ್ರರಿಯಿಂದ ನನ್ನ ಹೆಸರಿಲೆ ಪುಸ್ತಕ ತಗದು ಸೂಟಿಗೆ ಬಂದಾಗ ಕೊಡ್ತಿದ್ದೆ. ಹಳಗನ್ನಡದ ಅರ್ಥ ಹೇಳಾಕ ಮಠದ ಅಜ್ಜಾರು ಒಪ್ಪಿದ್ರು, ಮಧ್ಯಾಹ್ನ ಅವ್ವನ್ನ ಜೋಡಿ ಕರಕೊಂಡು ಅಕ್ಕ ಅಲ್ಲಿಗೆ ಹೋಗಾಕಿ. ಉತ್ತರ ಹೆಂಗ ಬರೀಬೇಕು, ಮೊದಲ ಏನು ಹೇಳಬೇಕು, ಪದ್ಯದ ಸಾಲು ಎಲ್ಲಿ ಎತ್ತಿ ಕೊಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೂದು ನನ್ನ ಪಾಲಿಗೆ ಬಂತು. ಒಮ್ಮೆ ಹೇಳಿದ್ರ ಸಾಕು, ಅಕ್ಕ ನನಗಿಂತ ಚಲೋ ಬರೀತಿದ್ಲು. ಹೊಟ್ಟಿಕಿಚ್ಚು ಬರ್ತಿತ್ತು ನನಗ, ಖರೇ ಹೇಳ್ತೀನಿ.

ಆದ್ರ ಒಂದು ತೊಡಕು ಬಂತು. ಮಠದಾಗ ಓದೂ ಪದ್ಧತಿ ಬ್ಯಾರೆ. ಜಳಕಾ ಮಾಡಿ, ಈಬತ್ತಿ ಹಚ್ಕೊಂಡು, ಪುಸ್ತಕದ ಮ್ಯಾಲೆ ಒಂದು ಹೂವಿಟ್ಟು, ಹಣಿಗೆ ಒತ್ತಿಕೊಂಡ ಮ್ಯಾಲೆನ ಹಾಳಿ ತಿರವಬೇಕು. ಕಾಲೇಜಿನ ಪುಸ್ತಕಕ್ಕೂ ಅಕ್ಕ ಹಂಗ ಮಾಡಾಕಿ. ಪರೀಕ್ಷಾಕ್ಕ ನಮಗ ಹಚ್ಚಿದ್ದು ಒಂದು ಹಳೇ ಕಾವ್ಯ. ರಾಜ ಬಿಟ್ಟುಹೋದ ರಾಣಿ ಅಡವ್ಯಾಗ ಕುಂತು ಅಳೂ ಭಾಗ. ಇದರ ಗುಣದೋಷಗಳನ್ನು ವಿಮರ್ಶಿಸಿರಿ ಅನ್ನೂ ಪ್ರಶ್ನಿ ಬಿಡಂಗನ ಇಲ್ಲ, ಪ್ರತಿ ವರ್ಷ ಬರೂದ. ಬರದು ತೋರ್ಸು ಅಂದೆ. ಗುಣ ನಾಕು ಪುಟ ಬರದ್ಲು, ಓದಿದ್ರ ಕಣ್ಣು ತುಂಬೂಹಂಗ. ದೋಷದ ಸುದ್ದಿನ ಇಲ್ಲ.

ನನಗ ಮೊದಲ ಸಿಟ್ಟು ಮೂಗಿನ ತುದಿ ಮ್ಯಾಲೆ. ಅರ್ಧಾ ಅಂಕ ಹೋಗ್ತಾವು, ನಿನಗೇನು ತಲಿ ಕೆಟ್ಟೈತೇನು ಅಂತ ಒದರಿದೆ. ಅಕ್ಕ ಮೆಲ್ಲಕ ಅಂದ್ಲು:

"ಹಣಿಗೆ ಹಚ್ಕೊಂಡ ಪುಸ್ತಕಕ್ಕ ಹೆಂಗೋ ತಮ್ಮಾ ದೋಷ ಹುಡಕ್ಲಿ? ನನಗ ಕಾಣವಲ್ಲವು."

ಕಾಣದಿದ್ರೂ ಬರಿ ಅಂತ, ನಮ್ಮ ಮಾಸ್ತರು ಹೇಳಿದ ದೋಷ ಎಲ್ಲಾ ಬಾಯಿಪಾಠ ಮಾಡಿಸಿದೆ. ವರ್ಣನಿ ಹೆಚ್ಚಾತು, ಕಥಿ ನಿಂತಲ್ಲೆ ನಿಂತಿತು, ಹೋಲಿಕಿ ಒಂದರ ಮ್ಯಾಲೊಂದು ಬಿದ್ದಾವು. ಒಪ್ಪಿಸಿ ತೋರಿಸಿದ್ಲು. ಪರೀಕ್ಷಾದಾಗ ಬರೀತೀನಿ ಅಂತ ಮಾತೂ ಕೊಟ್ಲು. ನಾ ನಂಬಿದೆ.

ಪರೀಕ್ಷಾಕ್ಕ ವಿಜಾಪುರಕ್ಕ ನಾನ ಕರಕೊಂಡು ಹೋದೆ. ಆ ಪೇಪರ ಮುಗಿಸಿ ಹೊರಗ ಬಂದಾಕಿ ಮುಖ ನೋಡಿದ ಕೂಡ್ಲೆ ನನಗ ತಿಳೀತು. ಪ್ರಶ್ನಿ ಬಂದಿತ್ತು. ಗುಣ ಎಲ್ಲಾ ಬರದು, ದೋಷ ಅಂತ ಬರ್ಯಾಕ ಹೋದ್ರ ಕೈ ಏಳ್ಲಿಲ್ಲಂತ. ಕವಿಯ ದೋಷ ಎಣಿಸುವ ಯೋಗ್ಯತೆ ನನ್ನದಲ್ಲ ಅಂತ ಒಂದ ಸಾಲು ಬರದು, ಉಳದ ಪ್ರಶ್ನಿ ಹಂಗ ಬಿಟ್ಟು ಪೇಪರ ಕೊಟ್ಟು ಬಂದಿದ್ಲು. ದಾರ್ಯಾಗ ನಾ ಮುಂದ ಮುಂದ ನಡದೆ. ಒಂದು ಚಹಾ ಕುಡಿ ಅಂದ್ಲು, ಕುಡೀಲಿಲ್ಲ.

ಅದೊಂದು ಪೇಪರಿನಾಗ ಅಕ್ಕ ನಪಾಸ. ಉಳದದ್ದು ಎಲ್ಲಾ ಚಲೋ ಇತ್ತು. ಅಪ್ಪ ಎರಡು ದಿನ ಅಂಗಡಿ ಬಿಟ್ಟು ಮನೀಗೆ ಊಟಕ್ಕ ಬರ್ಲಿಲ್ಲ. ಕೊಟ್ಟ ಮಾತು ಕೊಟ್ಟಂಗ ಅಂತ ಮೂರನೇ ದಿನ ಅಸಂಗಿಗೆ ಹೇಳಿ ಕಳಿಸಿದ. ಗಾಡಿ ಬಂತು. ಅವ್ವ ಗ್ವಾಡಿ ಹಿಡಕೊಂಡು ನಿಂತಿದ್ಲು. ಅಕ್ಕ ಯಾರಿಗೂ ಒಂದು ಮಾತು ಅನ್ನಲಿಲ್ಲ. ಅಂದಿದ್ರ ಚಲೋ ಇತ್ತು ಅಂತ ನನಗ ಇವತ್ತಿಗೂ ಅನಸ್ತೈತಿ.

ಮಳಿಗಾಲ ಮುಗದ ಮ್ಯಾಲೆ ನಾನು ಅಪ್ಪನ ಬೆನ್ನು ಹತ್ತಿದೆ. ಅಂವ ತಾನೂ ಒಳಗ ಸುಡತಿದ್ದಾ ಅಂತ ಕಾಣತೈತಿ, ಇನ್ನೊಮ್ಮೆ ಕುಂದ್ರಲಿ ಅಂತ ಒಪ್ಪಿದ. ಅದ ಪುಸ್ತಕ ಲೈಬ್ರರಿಯಿಂದ ತಗದು, ಸುದ್ದಿ ಹೇಳಾಕ ಓಡಿ ಓಡಿ ಅಸಂಗಿಗೆ ಹೋದೆ. ಅಷ್ಟರಾಗ ಆ ಮನಿ ಹಿರೇಸೊಸಿ ಸತ್ತು ಹೋಗಿದ್ಲು. ಅಕ್ಕ ಅಂಗಳದಾಗ ಒಂದು ಕೂಸನ್ನ ಕಾಲ ಮ್ಯಾಲೆ ಹಾಕ್ಕೊಂಡು ಎರೀತಿದ್ಲು. ಬಡಕಾಗಿದ್ಲು. ಕುಂದ್ರು ಅಂದ್ಲು, ನೀರು ಕೊಟ್ಲು.

ಅಪ್ಪ ಒಪ್ಯಾನ, ಮಾರ್ಚ್ ತಿಂಗಳದಾಗ ಬರಿ, ಈ ಸಲ ದೋಷ ನಾನ ಹೇಳಿಕೊಡ್ತೀನಿ ಅಂತ ಪುಸ್ತಕ ಮುಂದ ಹಿಡದೆ. ಅಕಿ ಅದನ್ನ ಹಸಿ ಕೈಲೆ ತೊಗೊಂಡ್ಲು. ಹಣಿಗೆ ಒತ್ತಿಕೊಳ್ಳಲಿಲ್ಲ. ಆ ರಾಣಿ ಅಳೂ ಹಾಳಿ ತಗದು, ನಿಂತಲ್ಲೆ ನಾಕು ಸಾಲು ಓದಿ ಅಂದ್ಲು:

"ನೀ ಹೇಳಿಕೊಡೂದು ಬ್ಯಾಡ. ದೋಷ ಈಗ ನನಗ ಕಾಣತಾವು. ಈ ಕವಿ ಇಷ್ಟು ಪದ್ಯ ಬರದಾನ, ಅಕಿ ಕಣ್ಣೀರು, ಅಕಿ ಕೂದಲ, ಅಕಿ ಹರದ ಸೀರಿ, ಎಲ್ಲಾ ಬರದಾನ. ನಿನಗೇನು ಬೇಕವ್ವಾ ಅಂತ ಅಕಿನ್ನ ಒಬ್ಬರಾದ್ರೂ ಕೇಳಿಲ್ಲ. ಅಂವಗೂ ಕೇಳಬೇಕು ಅನಸಿಲ್ಲ."

ಇದನ್ನ ಬರಿಯಕ್ಕಾ, ಇದನ್ನ ಬರಿ ಅಂದೆ.

ಕೂಸು ಅಳಾಕ ಹತ್ತಿತು. ಅಕಿ ಪುಸ್ತಕ ಮುಚ್ಚಿ ನನ್ನ ಕೈಯಾಗ ಕೊಟ್ಲು. ಕೂಸನ್ನ ಎತ್ತಿ ಹೆಗಲಿಗೆ ಹಾಕ್ಕೊಂಡ್ಲು.

"ಈ ಹುಡುಗೂರನ್ನ ಯಾರ ಕೈಯಾಗ ಕೊಟ್ಟು ಬರ್ಲೋ?" ಅಂತ ನನ್ನನ್ನ ಕೇಳಿದ್ಲು.