ನಾನು ಹೋಗದ ಮನೆಯಲ್ಲಿ ನನ್ನ ಸಹಿ

ದೆವ್ವ, ಭೂತ, ಗಾಳಿಗಳ ವಿಷಯದಲ್ಲಿ ನಾನು ಇಲಾಖೆಯ ಪಕ್ಷದವನು. ನಮ್ಮ ನಮೂನೆಗಳಲ್ಲಿ ಅವಕ್ಕೆ ಕಾಲಂ ಇಲ್ಲ. ಕಾಲಂ ಇಲ್ಲದ್ದು ಲೋಕದಲ್ಲೇ ಇಲ್ಲವೆಂದು ಬಹಳ ಕಾಲ ನಂಬಿದ್ದೆ. ಕೆಲವು ವರ್ಷಗಳ ಹಿಂದಿನ ಈ ಸಂಗತಿಯನ್ನು ಬೇರೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ದುರ್ದೈವ, ಅದು ನನಗೇ ಆಯಿತು.

ನಾನು ಹಾವೇರಿ ತಾಲೂಕಿನಲ್ಲಿ ಆರೋಗ್ಯ ಇಲಾಖೆಯ ನೌಕರ. ಸರ್ಕಾರ ನನ್ನ ಹುದ್ದೆಯ ಹೆಸರನ್ನು ಆಗಾಗ ಬದಲಿಸಿ ಘನತೆ ಹೆಚ್ಚಿಸಿದರೂ ಹಳ್ಳಿಯವರು ಇಟ್ಟ ಹೆಸರು ಒಂದೇ: ‘ಜ್ವರದ ಸಾಹೇಬ್ರು’. ಮನೆಮನೆಗೆ ಹೋಗಿ ಯಾರಿಗಾದರೂ ಜ್ವರ ಇದೆಯೇ ಎಂದು ಕೇಳಬೇಕು. ನೀರಿನ ಹರವಿ, ಬ್ಯಾರಲ್ಲುಗಳಲ್ಲಿ ಸೊಳ್ಳೆಯ ಮರಿ ಇವೆಯೇ ಎಂದು ಬಗ್ಗಿ ನೋಡಬೇಕು. ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ ಭೇಟಿ ಚೀಟಿಯಲ್ಲಿ ಕಂಡದ್ದನ್ನು ಬರೆದು ಸಹಿ ಮಾಡಬೇಕು. ಅದನ್ನೇ ನನ್ನ ರಿಜಿಸ್ಟರಿನಲ್ಲೂ ಬರೆಯಬೇಕು. ನೌಕರಿಗೆ ಸೇರಿದ ಹೊಸತರಲ್ಲಿ ನನ್ನ ಸಹಿ ಪೂರ್ಣ ಹೆಸರಿನದು. ಕೆಳಗೆ ಎರಡು ಗೆರೆ, ಗೆರೆಯ ಕೆಳಗೆ ವೇಳೆ. ಬರಬರುತ್ತ ಹೆಸರು ಹೋಗಿ ಮೊದಲಕ್ಷರ ಉಳಿಯಿತು. ಗೆರೆ ಹೋದವು, ವೇಳೆ ಹೋಯಿತು. ಕೊನೆಕೊನೆಗೆ ನಾನು ಹೋಗುವುದೂ ಹೋಯಿತು.

ಆ ಮಳೆಗಾಲದ ಒಂದು ಗುರುವಾರ ಗುತ್ತಲದ ಕಡೆಯ ಹಳ್ಳಿಯೊಂದರ ಓಣಿ ನನ್ನ ಪಾಲಿಗಿತ್ತು. ಅದೇ ದಿನ ರಾಣೆಬೆನ್ನೂರಿನಲ್ಲಿ ಹೆಂಡತಿಯ ತಮ್ಮನ ಮನೆಯ ಗೃಹಪ್ರವೇಶ. ಎರಡೂ ಕರ್ತವ್ಯಗಳನ್ನು ನಿಷ್ಪಕ್ಷಪಾತವಾಗಿ ತೂಗಿ ನೋಡಿದೆ. ಹೋಳಿಗೆಯ ಕಡೆ ತಕ್ಕಡಿ ವಾಲಿತು. ಬೆಳಗಿನ ಚಹಾ ಕುಡಿಯುತ್ತಲೇ ರಿಜಿಸ್ಟರಿನಲ್ಲಿ ಇಪ್ಪತ್ತೆರಡು ಮನೆಗಳ ಎದುರು ‘ಜ್ವರ ಇಲ್ಲ’ ಎಂದು ಬರೆದು ಹೊರಟೆ. ಅದರಲ್ಲಿ ಏಳನೆಯದು ಗಂಗವ್ವ ಎಂಬ ಮುದುಕಿಯ ಮನೆ.

ನಾಲ್ಕು ದಿನಕ್ಕೆ ವೈದ್ಯಾಧಿಕಾರಿಗಳ ಫೋನು ಬಂತು. ಗಂಗವ್ವನ ಮೊಮ್ಮಗಳು ಡೆಂಗಿಯಾಗಿ ಹಾವೇರಿಯ ಆಸ್ಪತ್ರೆಯಲ್ಲಿದ್ದಾಳೆ. ಆ ಮನೆಯ ಚೀಟಿ, ನಿಮ್ಮ ರಿಜಿಸ್ಟರು ಎರಡೂ ಸಂಜೆಯೊಳಗೆ ಬೇಕು ಎಂದರು. ಬೈಕಿನ ಮೇಲೆ ದಾರಿಯುದ್ದಕ್ಕೂ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಆ ಹರಕೆ ಹುಡುಗಿಗಾಗಿ ಅಲ್ಲ, ನೌಕರಿಗಾಗಿ ಎಂಬುದನ್ನೂ ಬರೆದುಬಿಡುತ್ತೇನೆ.

ಗಂಗವ್ವ ಕಟ್ಟೆಯ ಮೇಲೆ ಕೂತು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಬೈಗುಳ ಬರುತ್ತದೆಂದು ತಲೆ ತಗ್ಗಿಸಿ ನಿಂತೆ. ಅವಳು ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು.

“ಬರ್ರಿ ಸಾಹೇಬ್ರ, ಕುಂದ್ರಿ. ಇನ್ನೊಂದಿನ ತಡಾ ಆಗಿದ್ರ ಕೂಸು ಕೈಗೆ ಸಿಗತಿರಲಿಲ್ಲ ಅಂದ್ರು ಡಾಕ್ಟರು. ಗುರುವಾರ ನೀವು ಬಂದು ಬೈದಿದ್ದಕ್ಕ ಉಳೀತ್ರಿ.”

“ನಾನು ಬಂದಿದ್ನೇನು?”

“ಹಿಂಗ್ಯಾಕ ಕೇಳ್ತೀರಿ? ‘ಕಷಾಯ ಸಾಕು ಮಾಡು, ಲಗೂನ ಹಾವೇರಿಗೆ ಕರಕೊಂಡು ಹೋಗ್ರಿ’ ಅಂತ ಓಣಿಗೆಲ್ಲಾ ಕೇಳೂವಂಗ ಒದರಿದ್ರಿ. ಚಾ ಕುಡೀರಿ ಅಂದ್ರ, ಇನ್ನೂ ಹದಿನೈದು ಮನಿ ಅದಾವು ಅಂದ್ರಿ. ಸಾಹೇಬ್ರು ಚಾ ಯಾವಾಗ ಬಿಟ್ರಪ್ಪಾ ಅಂತ ನನಗ ಅದ ಸೋಜಿಗ!”

ಒಳಗೆ ಹೋಗಿ ಬಾಗಿಲ ಹಿಂದಿನ ಚೀಟಿ ತೆಗೆದೆ. ಗುರುವಾರದ ತಾರೀಖು. ‘ಜ್ವರ ಇದೆ. ತುರ್ತು.’ ಕೆಳಗೆ ನನ್ನ ಪೂರ್ಣ ಹೆಸರು, ಎರಡು ಗೆರೆ, ವೇಳೆ ಹನ್ನೆರಡೂವರೆ. ಅಕ್ಷರ ನನ್ನದೇ. ಪಕ್ಕದ ಮನೆಗೆ ಹೋದೆ. ಅಲ್ಲೂ ಅದೇ ಸಹಿ. ಮೂರನೆಯ ಮನೆಗೆ ಹೋಗಲು ಧೈರ್ಯ ಬರಲಿಲ್ಲ. ಹನ್ನೆರಡೂವರೆಗೆ ನಾನು ರಾಣೆಬೆನ್ನೂರಿನ ಪಂಕ್ತಿಯಲ್ಲಿ ಎರಡನೇ ಹೋಳಿಗೆಗೆ ಎಲೆ ತೋರಿಸುತ್ತಿದ್ದ ಫೋಟೋ ಹೆಂಡತಿಯ ಫೋನಿನಲ್ಲಿ ಇಂದಿಗೂ ಇದೆ, ವೇಳೆ ಸಮೇತ. ನನ್ನ ಬದಲಿಗೆ ಯಾರನ್ನೂ ಕಳಿಸಿರಲಿಲ್ಲ. ಕಳಿಸಬೇಕೆಂದು ಯಾರಿಗೂ ಗೊತ್ತೇ ಇರಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಕೇಳಿ. ಊರ ಹೊರಗೆ ಬೈಕು ನಿಲ್ಲಿಸಿ, ರಿಜಿಸ್ಟರಿನ ಏಳನೆಯ ಮನೆಯ ‘ಇಲ್ಲ’ವನ್ನು ತಿದ್ದಿ ‘ಇದೆ’ ಮಾಡಿದೆ. ನನ್ನ ಸೇವಾವಧಿಯಲ್ಲಿ ಸತ್ಯವನ್ನು ಖೊಟ್ಟಿಯಾಗಿ ಬರೆದದ್ದು ಅದೊಂದೇ ಸಲ. ವೈದ್ಯಾಧಿಕಾರಿಗಳು ಎರಡನ್ನೂ ತಾಳೆ ನೋಡಿ ಬೆನ್ನು ತಟ್ಟಿದರು. ಮುಂದಿನ ಸಭೆಯಲ್ಲಿ ಶಾಲು ಹೊದಿಸಿದರು. ನಾನು ಬಾಗಿ ಹೊದಿಸಿಕೊಂಡೆ. ಮನೆಗೆ ಬಂದಾಗ ಹೆಂಡತಿ, “ಶಾಲು ಕೊಟ್ಟಾರೋ, ದಂಡಾ ಹಾಕ್ಯಾರೋ? ಮಾರಿ ಯಾಕ ಹಂಗೈತಿ?” ಎಂದಳು. ಅವಳಿಗೂ ಹೇಳಲಿಲ್ಲ.

ಅಂದಿನಿಂದ ಒಂದು ಮನೆಯನ್ನೂ ತಪ್ಪಿಸಿಲ್ಲ. ಇದನ್ನು ಪ್ರಾಮಾಣಿಕತೆ ಎಂದು ತಿಳಿಯಬೇಡಿ. ನಾನು ಹೋಗದಿದ್ದರೆ ಯಾರು ಹೋದಾರೋ ಎಂಬ ಭಯ.

ಮೊನ್ನೆ ಗಂಗವ್ವನ ಮನೆಗೆ ಹೋಗಿದ್ದೆ. ಆ ಹಳೆಯ ಚೀಟಿ ತನಿಖೆಯಿಂದ ಮರಳಿ ಬಂದು ಹೊಸದರ ಜೊತೆ ಅದೇ ಮೊಳೆಗೆ ತೂಗುತ್ತಿತ್ತು. ಈಗ ಆರನೆಯ ತರಗತಿಯಲ್ಲಿರುವ ಮೊಮ್ಮಗಳು ನಾನು ಸಹಿ ಮಾಡುವುದನ್ನು ನೋಡುತ್ತ ನಿಂತಿದ್ದಳು. ಪೂರ್ಣ ಹೆಸರು ಬರೆದೆ. ಎರಡು ಗೆರೆ ಎಳೆದೆ. ವೇಳೆ ಹಾಕಿದೆ. ಅವಳು ಎರಡೂ ಚೀಟಿಗಳನ್ನು ಪಕ್ಕ ಪಕ್ಕ ಹಿಡಿದು ಬಹಳ ಹೊತ್ತು ನೋಡಿದಳು.

“ಇದು ಅವತ್ತು ಬಂದವ್ರ ಸಹಿಯಂಗ ಇಲ್ರಿ,” ಎಂದಳು.

ನಾನು ಪೆನ್ನು ಕಿಸೆಗೆ ಸಿಕ್ಕಿಸಿ ಎಂಟನೆಯ ಮನೆಗೆ ನಡೆದೆ.