ಕೆಚ್ಚುವ ಮುಂಚಿನ ಪ್ರಾರ್ಥನೆ

ಬನಹಟ್ಟಿಯ ಸಮಾಧಾನವ್ವನಿಗೆ ಆ ಹೆಸರಿಟ್ಟವರು ಸ್ವಲ್ಪ ಅವಸರ ಮಾಡಿದ್ದರು. ಮಗ್ಗದ ಓಣಿಗಳಲ್ಲಿ ಅವಳಷ್ಟು ಬೇಗ ಸಿಟ್ಟಾಗುವ, ಅಷ್ಟೇ ಬೇಗ ನಗುವ ಹೆಂಗಸು ಇನ್ನೊಬ್ಬಳಿರಲಿಲ್ಲ. ಅವಳ ಕಸುಬು ಕೆಚ್ಚುವುದು. ಮಗ್ಗದಲ್ಲಿ ಹಳೆಯ ಹಾಸು, ಅಂದರೆ ಉದ್ದುದ್ದ ಹಾಸಿದ ನೂಲು, ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸೆದು ಕೂಡಿಸಬೇಕು. ಗಂಟು ಹಾಕುವಂತಿಲ್ಲ. ಎಷ್ಟು ಬಿಗಿ ಹೊಸೆಯಬೇಕೆಂಬುದು ಬೆರಳಿಗಷ್ಟೇ ಗೊತ್ತು.

ಕೆಚ್ಚಲು ಕೂತರೆ ಮೊದಲು ಪ್ರಾರ್ಥನೆ. ಅದು ಗುಳೇದಗುಡ್ಡದ ಕ್ರೈಸ್ತ ತವರಿನಿಂದ ತಂದ ರೂಢಿ. ಅವಳ ಅವ್ವನೂ ಹಾಗೆಯೇ ಮಾಡುತ್ತಿದ್ದಳು. ಬೂದಿ ಹತ್ತಿದ ಕೈ ಜೋಡಿಸಿ, "ಮಣ್ಣಿನಿಂದ ನಮ್ಮನ್ನ ಮಾಡಿದ ತಂದೀ, ಈ ಬೆರಳು ಕೊಟ್ಟಿ, ನಿನಗ ಸ್ತೋತ್ರ" ಎಂದು ಶುರು ಮಾಡಿದರೆ, ಆ ಹಾಸಿನಿಂದ ನೇಯುವ ಸೀರೆ ಉಡುವವರ ತನಕ ಎಲ್ಲರನ್ನೂ ದೇವರಿಗೆ ಒಪ್ಪಿಸಿಯೇ ಮುಗಿಸುತ್ತಿದ್ದಳು. ಪಕ್ಕದಲ್ಲಿ ಕೂಡುವ ಜೋಡಿ ರುಕ್ಮವ್ವ ಬನಶಂಕರಿಗೆ ನಡೆದುಕೊಳ್ಳುವವಳು. ಆದರೂ ಕಣ್ಣು ಮುಚ್ಚುತ್ತಿದ್ದಳು. ಉದ್ದವಾಯಿತೆನಿಸಿದರೆ ಮಾತ್ರ ನಡುವೆಯೇ "ಆಮೆನ್" ಎಂದುಬಿಡುತ್ತಿದ್ದಳು.

"ದೇವರಿಗೂ ಬ್ಯಾರೆ ಕೆಲಸ ಇರ್ತಾವ ಬೇ!"

ಸಮಾಧಾನವ್ವ ಕಣ್ಣು ಕೆಂಪಗೆ ಮಾಡುತ್ತಿದ್ದಳು. ಆಮೇಲೆ ಇಬ್ಬರೂ ನಕ್ಕು ಕೆಲಸ ಹಿಡಿಯುತ್ತಿದ್ದರು.

ಹೀಗಿರುವಾಗ ಶುಗರ್ ಬಂದು ಅವಳ ಬೆರಳು ಮರಗಟ್ಟಿದವು. ಅವಳು ಯಾರಿಗೂ ಹೇಳಲಿಲ್ಲ. ದೇವರು ಒಬ್ಬೊಬ್ಬರನ್ನು ಒಂದೊಂದು ಕೆಲಸಕ್ಕೆ ಮಾಡಿರುತ್ತಾನೆ, ತನ್ನನ್ನು ಕೆಚ್ಚುವುದಕ್ಕೆ ಮಾಡಿದ್ದಾನೆ ಎಂದು ನಂಬಿದವಳು, ಹೇಳುವುದಾದರೂ ಹೇಗೆ? ಅದೇ ಓಣಿಯ ನೇಕಾರ ನಿಂಗಣ್ಣನ ಮಗ್ಗಕ್ಕೆ ಹಾಗೆಯೇ ಕೂತು ಕೆಚ್ಚಿದಳು. ಹಾಸು ಮುಂದಕ್ಕೆಳೆದಾಗ ರುಕ್ಮವ್ವನ ಕಡೆಯ ಎಳೆಗಳು ಸರಾಗ ಬಂದವು, ಇವಳ ಕಡೆಯವು ಹಿಡಿಹಿಡಿಯಾಗಿ ಬಿಚ್ಚಿಕೊಂಡವು. ನಿಂಗಣ್ಣ ಬಿಚ್ಚಿದ ಎಳೆಗಳನ್ನು ರುಕ್ಮವ್ವನ ಕಡೆಗೆ ಸರಿಸಿದ. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಬೈದು ಹಗುರಾಗುತ್ತಿದ್ದಳು.

ಅಂದಿನಿಂದ ಮನೆ ಹಿಡಿದಳು. ಚರ್ಚಿಗೆ ಹೋದರೂ ಪ್ರಾರ್ಥನೆಗೆ ಬಾಯಿ ಬಿಡಲಿಲ್ಲ. ದೇವರ ಮೇಲೆ ಸಿಟ್ಟಿತ್ತು. "ಮುರಿದ ಲಾಳಿ ಯಾರೂ ಮಗ್ಗದಾಗ ಇಟ್ಕೊಳ್ಳಂಗಿಲ್ಲ. ನನ್ನ ಯಾಕ ಇಟ್ಟೀ?" ಎಂದು ಒಲೆಯ ಮುಂದೆ ಕೂತು ಕೇಳುತ್ತಿದ್ದಳು.

ಒಂದು ಮುಂಜಾನೆ ರುಕ್ಮವ್ವ ಬಾಗಿಲಿಗೆ ಬಂದಳು.

"ನಡಿ, ನಿಂಗಣ್ಣನ ಮಗ್ಗಕ್ಕ ಹೊಸ ಹಾಸು ಬಂದೈತಿ."

"ನನ್ನ ಬೆರಳು ಸತ್ತಾವು. ನಿನಗ ಗೊತ್ತಿಲ್ಲೇನು?"

"ಬೆರಳು ಕರ್ಯಾಕ ಯಾರ ಬಂದಾರ? ನಿನ್ನ ಕರ್ಯಾಕ ಬಂದೇನಿ. ಕೆಚ್ಚಾಕ ನನ್ನ ಸೊಸಿ ಕುಂತಾಳ. ಪ್ರಾರ್ಥನಾ ಇಲ್ಲದ ಎಳಿ ಮುಟ್ಟಾಕ ನನಗ ಮನಸ್ಸ ಬರವಲ್ದು. ನಾನೂ ಮಾಡಿ ನೋಡಿದೆ. ಆಮೆನ್ ಒಂದ ಬರತೈತಿ, ಅದರ ಹಿಂದಿಂದು ಬರಂಗಿಲ್ಲ."

ಸಮಾಧಾನವ್ವ ನಗಬಾರದೆಂದುಕೊಂಡರೂ ನಕ್ಕಳು. ನಗುತ್ತಲೇ ಅಳು ಬಂತು.

ನಿಂಗಣ್ಣ ಮಗ್ಗ ನಿಲ್ಲಿಸಿ ಕಾಯುತ್ತಿದ್ದ. "ಬರ್ರಿ ಸಮಾಧಾನವ್ವಾರ" ಎಂದು ಅವಳ ಹಳೆಯ ಜಾಗದಲ್ಲೇ ಮಣೆ ಹಾಕಿದ. ರುಕ್ಮವ್ವ ಆ ಮರಗಟ್ಟಿದ ಬೆರಳುಗಳಿಗೂ ಬೂದಿ ಹಚ್ಚಿದಳು. ಕೈ ಜೋಡಿಸಿ, ರೂಢಿಯಂತೆ ಬೆರಳಿಗೆ ಸ್ತೋತ್ರ ಹೇಳಹೋದ ಸಮಾಧಾನವ್ವ ತನ್ನ ಬೆರಳುಗಳನ್ನೇ ನೋಡಿದಳು. ಇಷ್ಟು ವರ್ಷ ಬೆರಳು ಕೊಟ್ಟದ್ದಕ್ಕೆ ಸ್ತೋತ್ರ ಹೇಳಿದೆ, ನನ್ನನ್ನೇ ಮಾಡಿದ್ದಕ್ಕೆ ಒಮ್ಮೆಯೂ ಹೇಳಲಿಲ್ಲವಲ್ಲ ಎಂದು ಆಗ ಹೊಳೆಯಿತು.

"ತಂದೀ, ನನ್ನ ಮಾಡಿದಿಯಲ್ಲಪಾ," ಎಂದಳು. "ಏನ ಕೆಲಸಕ್ಕ ಬರ್ತಾಳ ಅಂತ ನೋಡಲಾರದ ಮಾಡಿದಿ. ಇವರ ನಡುವ ತಂದು ಕುಂಡ್ರಿಸಿದಿ. ನಿನಗ ಸ್ತೋತ್ರ."

ಆಮೇಲೆ ರುಕ್ಮವ್ವ, ಅವಳ ಸೊಸೆ, ನಿಂಗಣ್ಣ, ಸೀರೆ ಉಡುವವರು, ಎಲ್ಲರನ್ನೂ ಒಪ್ಪಿಸಿದಳು. ಪ್ರಾರ್ಥನೆ ಹಿಂದೆಂದಿಗಿಂತ ಉದ್ದವಾಯಿತು. ತಂದಿಟ್ಟ ಚಹಾ ಆರಿಹೋಯಿತು. ಇಷ್ಟೊತ್ತಿಗೆ ಪಕ್ಕದಿಂದ ಆಮೆನ್ ಬೀಳಬೇಕಿತ್ತು, ಬೀಳಲಿಲ್ಲ. ಸಮಾಧಾನವ್ವ ಒಂದೇ ಕಣ್ಣು ತೆರೆದು ನೋಡಿದಳು. ರುಕ್ಮವ್ವ ಬೂದಿಗೈ ಜೋಡಿಸಿ, ಕಣ್ಣು ಮುಚ್ಚಿ, ಸುಮ್ಮನೆ ಕೂತಿದ್ದಳು. ಕೊನೆಗೆ ಆಮೆನ್ ಸಮಾಧಾನವ್ವನೇ ಹೇಳಬೇಕಾಯಿತು.